ಹಳೆಯ ಕಿಟಕಿ ಉಜ್ಜುವ ಮುನ್ನ

ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ, ಒಂಟಿಕೊಪ್ಪಲು ಕಡೆಯ ಹಳೆಯ ಮನೆಗಳ ದುರಸ್ತಿ ನನ್ನ ಕಸುಬು. ಸುಣ್ಣದ ಗೋಡೆಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಚಿಂತೆಯೆಲ್ಲ ಬಾಗಿಲು, ಕಿಟಕಿ, ಕಬ್ಬಿಣದ ಸರಳುಗಳಿಗೆ ಬಳಿದ ಎನಾಮೆಲ್ ಬಣ್ಣದ್ದು. ಚೌಕಟ್ಟಿನ ಮೂಲೆಯಲ್ಲಿ ಚಕ್ಕೆ ಎದ್ದ ಕಡೆ ನೋಡಿ: ಮೇಲೆ ಬಿಳಿ, ಅದರಡಿ ಹಸಿರು, ಅದರಡಿ ಹಳದಿ, ಮರಕ್ಕೆ ಕಚ್ಚಿಕೊಂಡು ಕೆಂಪು. ಹಳದಿ, ಕಿತ್ತಳೆ ಬಣ್ಣಕ್ಕೆ ಸೀಸದ ಕ್ರೋಮೇಟ್ ಬೆರೆಸುತ್ತಿದ್ದ ಕಾಲದ ಪದರಗಳಿವು. ಸೀಸ ಮೈಗೆ ವಿಷ. ಪರೀಕ್ಷೆ ಮಾಡಿಸದಿದ್ದರೆ ಬಣ್ಣದಲ್ಲಿ ಅದು ಇದೆ ಎಂದೇ ನನ್ನ ಲೆಕ್ಕ.

ನಮ್ಮಲ್ಲಿ ನಿಯಮವಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ 2016ರ ಆ ನಿಯಮ 2017ರ ನವೆಂಬರ್ 1ರಂದು ಜಾರಿಗೆ ಬಂತು. ಅದು ಅಂಗಡಿಯ ಹೊಸ ಡಬ್ಬಿಯನ್ನು ಕಾಯುತ್ತದೆ. ಗೋಡೆ, ಮರಗಳ ಮೇಲೆ ಆಗಲೇ ಕೂತಿರುವ ಬಣ್ಣವನ್ನು ಕೆರೆಯುವ ಬಗೆ ಹೇಳುವುದಿಲ್ಲ. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಗಳಲ್ಲಿ ಇಂಥ ಕೆಲಸ ಹಿಡಿಯುವ ಸಂಸ್ಥೆಗೆ ಪ್ರಮಾಣಪತ್ರ ಬೇಕು, ಬಣ್ಣವನ್ನು ಬೆಂಕಿಯಿಂದ ಸುಡುವಂತಿಲ್ಲ. ನಾನು ಆ ಶಿಸ್ತನ್ನೇ ಇಲ್ಲಿ ಪಾಲಿಸುತ್ತೇನೆ. ಉರಿಯಿಂದ ಬಣ್ಣ ಸುಡುವ ಬ್ಲೋ ಲ್ಯಾಂಪ್ ಇಲ್ಲ, ಒಣ ಗ್ರೈಂಡರ್ ಇಲ್ಲ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಬಾಗಿಲಿಗೆ ಪರದೆ ಕಟ್ಟಿ, ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ, ಅಂದರೆ ಒದ್ದೆಯಾಗಿ ಬಳಸುವ ಉಜ್ಜು ಕಾಗದದಲ್ಲಿ, ಉಜ್ಜುತ್ತೇವೆ. ಪೊರಕೆ ಮುಟ್ಟುವುದಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸುತ್ತೇವೆ.

"ಗ್ರೈಂಡರ್ ಹಾಕಿದರೆ ಸಂಜೆಯೊಳಗೆ ಮುಗಿಯುತ್ತದಲ್ಲ ಸ್ವಾಮಿ, ಇಷ್ಟೊಂದು ಕೂಲಿ ಯಾಕೆ?" ಎಂದು ಲಕ್ಷ್ಮೀಪುರಂನ ಹಿರಿಯರೊಬ್ಬರು ಕೇಳಿದರು. ಅವರ ಮೊಮ್ಮಗಳು ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದಳು. ಗ್ರೈಂಡರ್ ಎಬ್ಬಿಸುವ ಸೀಸದ ಧೂಳು ನೆಲಕ್ಕೆ, ನೆಲದಿಂದ ಮಗುವಿನ ಅಂಗೈಗೆ, ಅಂಗೈಯಿಂದ ಬಾಯಿಗೆ ಹೋಗುತ್ತದೆ. ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ ಎಂದೆ. ಕೆಲಸ ಮುಗಿಯುವವರೆಗೆ ಮಗುವನ್ನು ಬೇರೆಡೆ ಕಳಿಸಲು ಅವರೇ ಮುಂದಾದರು. ಅಂದಿನಿಂದ ಧೂಳು ತಡೆಯುವ ಖರ್ಚನ್ನು ಕೊಟೇಶನ್ನಿನಲ್ಲಿ ಬೇರೆ ಸಾಲಾಗಿಯೇ ಬರೆಯುತ್ತೇನೆ. ಚೌಕಾಸಿ ಬೇರೆಲ್ಲದರಲ್ಲೂ ಸರಿ, ಆ ಸಾಲಿನಲ್ಲಿ ಇಲ್ಲ. ಒಪ್ಪದಿದ್ದರೆ ಕೆಲಸ ಬಿಡುತ್ತೇನೆ.

ಕಷ್ಟವಾದದ್ದು ನಮ್ಮ ಹುಡುಗರನ್ನು ಒಪ್ಪಿಸುವುದು. ಮಾಸ್ಕ್ ಸೆಕೆ, ಉಸಿರು ಕಟ್ಟುತ್ತದೆ ಎನ್ನುತ್ತಾರೆ. ಅದು ನಿಜವೂ ಹೌದು, ಆದ್ದರಿಂದ ನಡುನಡುವೆ ಹೊರಗೆ ಕಳಿಸಿ ಬಿಡುವು ಕೊಡುತ್ತೇನೆ. ಸೋಪು ಹಾಕಿ ಕೈತೊಳೆಯದೆ ಬುತ್ತಿ ಬಿಚ್ಚುವಂತಿಲ್ಲ, ಬೀಡಿ ಹಚ್ಚುವಂತಿಲ್ಲ. ಕೆಲಸದ ಬಟ್ಟೆಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಒಗೆಸುವ ಜವಾಬ್ದಾರಿ ನನ್ನದು. ಅವರ ಮನೆಗಳಲ್ಲೂ ಚಿಕ್ಕ ಮಕ್ಕಳಿದ್ದಾರೆ.