ಟೀಚರೇ, ಈ ಕೊಲಾಯ್ಡ್ ಅಂದ್ರೆ ಏನು?

ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಿವೃತ್ತಿಯಾದ ಮೇಲೂ ಹಳೇ ವಿದ್ಯಾರ್ಥಿಗಳು ಬರುತ್ತಾರೆ, ಪ್ರಶ್ನೆಗಳೂ ಬರುತ್ತವೆ. ಒಬ್ಬಳು ಕುತ್ತಿಗೆಯ ಸ್ಕ್ಯಾನ್ ರಿಪೋರ್ಟ್ ತಂದು ‘ಕೊಲಾಯ್ಡ್ ನಾಡ್ಯೂಲ್’ ಅನ್ನೋ ಪದದ ಮೇಲೆ ಬೆರಳಿಡುತ್ತಾಳೆ. ಇನ್ನೊಬ್ಬ, ಡೆಂಗ್ಯೂ ಆದ ಅಣ್ಣನಿಗೆ ಕೊಲಾಯ್ಡ್ ಬಾಟ್ಲಿ ಹಾಕಿದ್ರು ಅನ್ನುತ್ತಾನೆ. "ನೀವು ಕ್ಲಾಸಲ್ಲಿ ಕಲಿಲ ಅಂತ ಹೇಳಿಕೊಟ್ಟಿದ್ರಲ್ಲ ಟೀಚರೇ, ಅದೇನಾ ಇದು?"

ಹೌದು, ಅದೇ. ಪದದ ಅರ್ಥ ‘ಅಂಟಿನಂಥದ್ದು’.

1861ರಲ್ಲಿ ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಈ ಹೆಸರಿಟ್ಟರು. ತೆಳ್ಳನೆ ಪೊರೆಯ ಒಂದು ಕಡೆ ದ್ರಾವಣ, ಇನ್ನೊಂದು ಕಡೆ ನೀರು ಇಟ್ಟು ನೋಡಿದರು. ಉಪ್ಪು, ಸಕ್ಕರೆ ಪೊರೆ ದಾಟಿ ಹೋದವು. ಅಂಟು, ಗಂಜಿ, ಮೊಟ್ಟೆಯ ಬಿಳಿ ಇದ್ದಲ್ಲೇ ಉಳಿದವು. ಗ್ರೀಕ್ ಭಾಷೆಯಲ್ಲಿ ಅಂಟಿಗೆ ಕೊಲ್ಲಾ ಅನ್ನುತ್ತಾರೆ, ಅದರಿಂದ ಕೊಲಾಯ್ಡ್. ಹೀಗೆ ಪೊರೆಯಿಂದ ಬೇರೆ ಮಾಡುವುದಕ್ಕೆ ಡಯಾಲಿಸಿಸ್ ಅಂತ ಕರೆದವರೂ ಅವರೇ. ಇವತ್ತು ಕಿಡ್ನಿ ರೋಗಿಗಳು ಆಡುವ ಮಾತು ಅಲ್ಲಿಂದ ಬಂದದ್ದು.

ಈಗ ಅಳತೆಯಿಂದ ಹೇಳುತ್ತಾರೆ. ಕಣದ ಗಾತ್ರ ಸುಮಾರು 1ರಿಂದ 1000 ನ್ಯಾನೋಮೀಟರ್ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ನೀರಲ್ಲಿ ಪೂರ್ತಿ ಕರಗಿಯೂ ಹೋಗಿಲ್ಲ, ತಳಕ್ಕೂ ಇಳಿಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಮಕ್ಕಳಿಗೆ ತೋರಿಸಿ. ಒಂದು ಲೋಟದಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ನೀರಿಗೆ ಎರಡೇ ಹನಿ ಹಾಲು. ಪಕ್ಕದಿಂದ ಟಾರ್ಚ್ ಬಿಡಿ. ಸಕ್ಕರೆ ನೀರಲ್ಲಿ ಬೆಳಕಿನ ದಾರಿ ಕಾಣಿಸುವುದೇ ಇಲ್ಲ. ಹಾಲಿನ ನೀರಲ್ಲಿ ಮಸುಕು ನೀಲಿ ಗೆರೆ ಎದ್ದು ಕಾಣುತ್ತದೆ. ಹಾಲಿನ ಕಣಗಳು ಬೆಳಕನ್ನು ಚದುರಿಸುತ್ತವೆ, ಅದಕ್ಕೆ. (ಆಗುಂಬೆಯ ಮಂಜನ್ನೂ ಪುಸ್ತಕಗಳು ಈ ಗುಂಪಿಗೇ ಸೇರಿಸುತ್ತವೆ. ಆದರೆ ಮಂಜಿನ ಹನಿ ಈ ಅಳತೆಗಿಂತ ದೊಡ್ಡದು.)

ನಮ್ಮವರಿಗೆ ಇದನ್ನು ಹೇಳಿಕೊಡಲು ತೋಟಕ್ಕಿಂತ ಒಳ್ಳೆ ಜಾಗ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯೂ ಕಲಿಲವೇ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿಂದ ತಿರುವುತ್ತಿದ್ದರೆ, ಪಾರದರ್ಶಕ ನೀಲಿ ಹೋಗಿ ಆಕಾಶದ ಬಣ್ಣದ ದಪ್ಪ ನೀರಾಗುತ್ತದೆ. ತಾಮ್ರದ ಅತಿ ಸಣ್ಣ, ಲೋಳೆಯಂಥ ಕಣಗಳು ಹುಟ್ಟಿಕೊಂಡಿರುತ್ತವೆ. ಅಪ್ಪ ಉಜ್ಜಿದ ಚಾಕು ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಇನ್ನಷ್ಟು ಸುಣ್ಣ ಬೇಕು ಅಂತ ಲೆಕ್ಕ.

ಈ ಕಣಗಳು ಅಡಿಕೆ ಗೊನೆಯ ಮೇಲೆ ಒಣಗಿ ಪದರದಂತೆ ಅಂಟುತ್ತವೆ. ನಮ್ಮ ಮಳೆಗೂ ಸುಲಭಕ್ಕೆ ಬಿಡುವುದಿಲ್ಲ. ಒಂದು ವರ್ಷ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬಾರದೆ, ಕಲಸಿದ ಔಷಧಿ ರಾತ್ರಿಯಿಡೀ ಡ್ರಮ್ಮಿನಲ್ಲೇ ಉಳಿಯಿತು. ಮರುದಿನ ಅದನ್ನೇ ಹೊಡೆಸಿದೆವು. ಆ ಬದಿಯ ಸಾಲುಗಳಲ್ಲೇ ಕೊಳೆ ಜಾಸ್ತಿ ಬಂತು. ಇಟ್ಟರೆ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುತ್ತವೆ, ಅಂಟುವ ಗುಣ ಹೋಗುತ್ತದೆ. ತಾಮ್ರ ಅಷ್ಟೇ ಇರುತ್ತದೆ, ಗಾತ್ರ ಮಾತ್ರ ಬದಲಾಗಿರುತ್ತದೆ. ಕಲಸಿದ ದಿನವೇ ಹೊಡೆಯಬೇಕು ಅನ್ನುವುದು ಇದಕ್ಕೇ.

ಈಗ ಆಸ್ಪತ್ರೆಯ ಬಾಟ್ಲಿ. ರಕ್ತನಾಳದ ಗೋಡೆಯೂ ಗ್ರಹಾಂ ಅವರ ಪೊರೆಯ ಹಾಗೇ. ಸಲೈನ್‌ನ ಉಪ್ಪು ಸಲೀಸಾಗಿ ದಾಟುತ್ತದೆ, ಜೊತೆಗೆ ನೀರೂ ಹೊರಗೆ ಹೋಗುತ್ತದೆ. ಲಿವರ್ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನಿನಂಥ ದೊಡ್ಡ ಕಣ ಒಳಗೇ ಉಳಿದು ನೀರನ್ನು ಹಿಡಿದಿಡುತ್ತದೆ. ಡೆಂಗ್ಯೂ ಜೋರಾದಾಗ ಈ ಗೋಡೆಯೇ ಸೋರುತ್ತದೆ. ಮೊದಲು ಸಲೈನ್ ಥರದ್ದು ಕೊಡುತ್ತಾರೆ. ಅದಕ್ಕೂ ಬಿಪಿ ಏರದಿದ್ದರೆ ಇಂಥ ದೊಡ್ಡ ಕಣಗಳಿರುವ ಕೊಲಾಯ್ಡ್. ಹಾಗಂತ ದುಬಾರಿ ಬಾಟ್ಲಿ ಹಾಕಿದರೇ ಒಳ್ಳೆ ಚಿಕಿತ್ಸೆ ಅನ್ನುವುದು ತಪ್ಪು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಐಸಿಯುಗಳಲ್ಲಿ ಸುಮಾರು 7,000 ರೋಗಿಗಳ ಮೇಲೆ ಆಲ್ಬುಮಿನ್ ಮತ್ತು ಸಲೈನ್ ಹೋಲಿಸಿ ನೋಡಿದರು. 2004ರಲ್ಲಿ ಫಲಿತಾಂಶ ಬಂದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಗಂಜಿಯಿಂದ ಮಾಡಿದ ಒಂದು ಬಗೆಯ ಕೊಲಾಯ್ಡಂತೂ ಕಿಡ್ನಿಗೆ ತೊಂದರೆ ಮಾಡುತ್ತದೆ ಅಂತ ಗೊತ್ತಾಗಿ, 2022ರಲ್ಲಿ ಯುರೋಪಿನಲ್ಲಿ ಅದಕ್ಕೆ ತಡೆ ಬಿತ್ತು. ಯಾವುದು ಬೇಕು ಅಂತ ಡಾಕ್ಟರೇ ನಿರ್ಧರಿಸಲಿ, ನಾವು ಒತ್ತಾಯ ಮಾಡುವುದು ಬೇಡ.

ಇನ್ನು ಥೈರಾಯ್ಡ್. ಅದರೊಳಗೆ ಪುಟ್ಟ ಪುಟ್ಟ ಚೀಲಗಳಿವೆ. ಅವುಗಳ ತುಂಬ ಅಂಟು ಅಂಟಾದ ದ್ರವ, ಅದರ ಹೆಸರೂ ಕೊಲಾಯ್ಡ್. ನಾವು ತಿನ್ನುವ ಉಪ್ಪಿನ ಅಯೋಡಿನ್ ಇಲ್ಲೇ ಹಾರ್ಮೋನ್ ಆಗಿ ದಾಸ್ತಾನಾಗುತ್ತದೆ. ಆ ದ್ರವ ಹೆಚ್ಚು ಸೇರಿಕೊಂಡು ಗಂಟಾದರೆ ಕೊಲಾಯ್ಡ್ ನಾಡ್ಯೂಲ್. ಬಹುತೇಕ ಇವು ಕ್ಯಾನ್ಸರ್ ಅಲ್ಲ. ಆದರೂ ರಿಪೋರ್ಟನ್ನು ಸುಮ್ನೆ ಡ್ರಾಯರಿಗೆ ಸೇರಿಸಬೇಡಿ. ಗಂಟಿನ ಅಳತೆ ಎಷ್ಟು, ಮತ್ತೆ ಯಾವಾಗ ಸ್ಕ್ಯಾನ್ ಮಾಡಿಸಬೇಕು, ಸೂಜಿ ಹಾಕಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮೊನ್ನೆ ಬಂದಿದ್ದ ಹುಡುಗಿಗೆ ಇವನ್ನೇ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವಳು ಅದನ್ನು ರಿಪೋರ್ಟಿಗೇ ಪಿನ್ ಮಾಡಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು.