ಸದ್ದು ಹಿಂದೆ, ಸಡಿಲ ಮುಂದೆ

"ಸದ್ದು ಎಲ್ಲಿಂದ ಬರ್ತಿದೆಯೋ ರೋಗ ಅಲ್ಲೇ ಇರೋದು ಮೇಡಂ." ಗ್ಯಾರೇಜಿನ ಯಜಮಾನರು ನನ್ನ ಗೆಳತಿಗೆ ಹೇಳಿದ ಈ ಮಾತು ಈ ವಾರವಿಡೀ ನನ್ನ ತಲೆಯಲ್ಲಿ ಓಡಾಡುತ್ತಿದೆ. ಅವರು ಸಿಡುಕಿ ಹೇಳಲಿಲ್ಲ. ಕೈ ಒರೆಸಿಕೊಳ್ಳುತ್ತಾ, ಸಮಾಧಾನವಾಗಿ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು. ಸಿಡುಕಿದ್ದರೆ ಎದುರು ಮಾತಾಡುವುದು ಸುಲಭವಿತ್ತು.

ಅವಳ ಕಾರು ಹಳೆಯ ಪೋರ್ಶೆ 944. ಕ್ಲಚ್ ಬಿಟ್ಟಾಗ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಸೀಟಿನ ಹಿಂದೆ 'ಧಡ್' ಎಂದು ಬಡಿದು ಗಾಡಿ ಮುಂದಕ್ಕೆ ಜಗ್ಗುತ್ತದೆ. ಓಡುತ್ತಿರುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೂ ಅದೇ ಏಟು. ಯಜಮಾನರು ಒಂದು ಸುತ್ತು ಓಡಿಸಿ ಬಂದು, ಇಳಿಯುವ ಮೊದಲೇ ತೀರ್ಪು ಕೊಟ್ಟರು: ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಹಲ್ಲುಗಾಲಿಗಳು ಸವೆದಿವೆ, ಬಿಚ್ಚಲೇಬೇಕು. ಗೆಳತಿ "ಚಕ್ರ ಕೈಯಲ್ಲಿ ತಿರುಗಿಸಿ ನೋಡಿದ್ರಾ?" ಎಂದು ಕೇಳಿದಳು. ಅದಕ್ಕೆ ಬಂದ ಉತ್ತರವೇ ಆ ಮಾತು.

ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಬೋಲ್ಟ್ ಬಿಗಿಯುವಾಗ ಟಾರ್ಕ್ ರೆಂಚ್ ಹಿಡಿಯುತ್ತಾರೆ, ಬಿಚ್ಚಿದ್ದನ್ನು ಒರೆಸಿ ಸಾಲಾಗಿ ಇಡುತ್ತಾರೆ, ಬದಲಿಸಿದ ಭಾಗವನ್ನು ಕೈಗೆ ಕೊಟ್ಟು ತೋರಿಸುತ್ತಾರೆ. ಗೆಳತಿಯ ವಿಷಯದಲ್ಲಿ ಮಾತ್ರ ನನಗೊಂದು ತಕರಾರಿತ್ತು. ಹಿರಿಯರು ಖಚಿತವಾಗಿ ಮಾತಾಡಿದರೆ ಅವಳು ತಲೆಯಾಡಿಸಿಬಿಡುತ್ತಾಳೆ. ಈ ಸಲ ಅವಳು ಹಾಗೆ ಮಾಡದೆ ಆ ಒಂದು ಪ್ರಶ್ನೆ ಕೇಳಿದ್ದು ನನಗೆ ತುಂಬ ಇಷ್ಟವಾಯಿತು. ಬಿಚ್ಚುವ ಮುನ್ನ ನಾವೇ ಒಮ್ಮೆ ನೋಡುತ್ತೇವೆ ಎಂದು ಹೇಳಿ ಕಾರು ತಂದೆವು.

1982ರಿಂದ 1991ರವರೆಗೆ ತಯಾರಾದ ಈ ಕಾರಿನಲ್ಲಿ ಎಂಜಿನ್ ಮತ್ತು ಕ್ಲಚ್ ಮುಂದೆ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಟ್ಟಾಗಿ ಹಿಂದೆ. ಭಾರ ಎರಡೂ ಕಡೆ ಸಮನಾಗಿ ಹಂಚಿಹೋಗಲಿ ಎಂದು ಹೀಗೆ. ನಡುವೆ ಉದ್ದನೆಯ ಉಕ್ಕಿನ ಕೊಳವೆ, ಅದರೊಳಗೆ ಎಂಜಿನ್ನಿನ ತಿರುಗನ್ನು ಹಿಂದಕ್ಕೆ ಒಯ್ಯುವ ತೆಳ್ಳಗಿನ ಶಾಫ್ಟ್. ದೊಡ್ಡ ನಾಲ್ಕು ಸಿಲಿಂಡರಿನ ಎಂಜಿನ್ ನಿಧಾನವಾಗಿ ತಿರುಗುವಾಗ ಕೊಡುವ ತುಡಿತ ಹಿಂದಿನ ಗೇರ್‌ಗಳನ್ನು ಗಡಗಡ ಎನ್ನಿಸಬಾರದೆಂದು ಕ್ಲಚ್ ಪ್ಲೇಟಿನ ನಡುವೆ ರಬ್ಬರ್ ಕೂರಿಸಿದ್ದಾರೆ. ಬಹಳ ಸೊಗಸಾದ ಉಪಾಯ. ಆದರೆ ಅದು ರಬ್ಬರ್. ಕಾರು ಓಡಲಿ ಬಿಡಲಿ, ಇಷ್ಟು ವರ್ಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ. ಹರಿದರೂ ಗಾಡಿ ನಿಲ್ಲುವುದಿಲ್ಲ, ಒಳಗಿನ ಲೋಹದ ತಡೆಗಳು ಒಂದಕ್ಕೊಂದು ತಾಗಿ ಎಳೆಯುತ್ತವೆ. ತಾಗುವವರೆಗಿನ ಖಾಲಿ ಸುತ್ತೇ ಆ ಕ್ಷಣದ ಮೌನ. ತಾಗಿದ ಏಟು ಶಾಫ್ಟ್ ಹಿಡಿದು ಹಿಂದಕ್ಕೆ ಹೋಗಿ, ಸೀಟಿನ ಹಿಂದೆ ಕೇಳಿಸುತ್ತದೆ.

ಇದು ನಮ್ಮ ಗುಮಾನಿ ಅಷ್ಟೇ. ಗುಮಾನಿಯ ಮೇಲೆ ಕ್ಲಚ್ ಬಿಚ್ಚಿಸಿದರೆ, ಸದ್ದಿನ ಮೇಲೆ ಡಿಫರೆನ್ಷಿಯಲ್ ಬಿಚ್ಚಿಸುವುದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಸಮತಟ್ಟಾದ ನೆಲ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ, ಒಂದು ಹಿಂದಿನ ಚಕ್ರ ಮಾತ್ರ ಮೇಲೆ. ಜಾಕ್ ಎತ್ತುವುದಕ್ಕೆ ಮಾತ್ರ, ಭಾರ ಸ್ಟ್ಯಾಂಡ್ ಮೇಲೆ. ಇನ್ನೊಂದು ಹಿಂದಿನ ಚಕ್ರ ನೆಲದಲ್ಲೇ ಇರಬೇಕು. ಎರಡನ್ನೂ ಎತ್ತಿದರೆ ಇದನ್ನು ತಿರುಗಿಸಿದಾಗ ಅದು ಉಲ್ಟಾ ತಿರುಗಿ ಅಳತೆಯೇ ಸಿಗುವುದಿಲ್ಲ. ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್ ಹಾಕಿ, ಟೈರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಆಕ್ಸಲ್ ಬೋಲ್ಟ್‌ಗಳು ಬಿಗಿಯಾಗಿದ್ದವು, ಗೇರ್‌ಬಾಕ್ಸಿನ ಮೌಂಟಿಂಗ್ ಗಟ್ಟಿಯಾಗಿತ್ತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೊದಲನೇ ಗೇರ್‌ನಲ್ಲಿ ಚಕ್ರವನ್ನು ಈ ತಡೆಯಿಂದ ಆ ತಡೆಗೆ ತಿರುಗಿಸಿದರೆ ಸೀಮೆಸುಣ್ಣದ ಗೆರೆ ಸರಿದದ್ದು ಸುಮಾರು ಮೂರು ಬೆರಳು. ಐದನೇ ಗೇರ್ ಹಾಕಿ ತಿರುಗಿಸಿದೆ. ಮುಕ್ಕಾಲು ಗೇಣು! ಗೆಳತಿ ತಾನೇ ಕೂತು ತಿರುಗಿಸಿದಳು, ಮತ್ತೆ ಮೊದಲನೆಯದಕ್ಕೆ ಹಾಕಿಸಿದಳು, ಮತ್ತೆ ಐದಕ್ಕೆ. ಪ್ರತಿ ಸಲ ಅದೇ ವ್ಯತ್ಯಾಸ.

ಸಡಿಲವು ಗೇರ್‌ಗಳ ಆಚೆ, ಅಂದರೆ ಡಿಫರೆನ್ಷಿಯಲ್‌ನಲ್ಲೋ ಆಕ್ಸಲ್‌ನಲ್ಲೋ ಇದ್ದರೆ, ಯಾವ ಗೇರ್ ಹಾಕಿದರೂ ಚಕ್ರದಲ್ಲಿ ಅಷ್ಟೇ ಪ್ಲೇ, ಅಂದರೆ ಖಾಲಿ ಓಲಾಟ, ಕಾಣಬೇಕು. ಗೇರ್‌ಬಾಕ್ಸಿಗೂ ಮುಂದೆ ಇದ್ದರೆ ಹಾಗಲ್ಲ. ಅದು ಗೇರ್ ದಾಟಿಕೊಂಡು ಚಕ್ರಕ್ಕೆ ಬರಬೇಕು. ಮೊದಲನೇ ಗೇರ್ ಅದನ್ನು ಮೂರೂವರೆ ಪಟ್ಟು ತಗ್ಗಿಸಿ ಕಳಿಸುತ್ತದೆ, ಐದನೆಯದು ತಗ್ಗಿಸುವುದೇ ಇಲ್ಲ. ಹಲ್ಲುಗಳ ನಡುವಿನ ಸಹಜ ಪ್ಲೇ ಎಲ್ಲ ಗೇರ್‌ನಲ್ಲೂ ಇದ್ದದ್ದೇ. ಅದರ ಮೇಲೆ ಐದರಲ್ಲಿ ಇಷ್ಟು ಹೆಚ್ಚಿದರೆ ಹೆಚ್ಚಳ ಬಂದದ್ದು ಮುಂದಿನಿಂದಲೇ. ಒಂದು ಬೋಲ್ಟೂ ಬಿಚ್ಚದೆ, ಸೀಮೆಸುಣ್ಣದ ಒಂದು ಗೆರೆಯಿಂದ ಇಷ್ಟು ತಿಳಿಯಿತು ಎನ್ನುವುದು ನನಗೆ ಈಗಲೂ ರೋಮಾಂಚನವೇ.

ಗೇರ್‌ಬಾಕ್ಸಿನ ಮುಂಭಾಗದಲ್ಲಿ, ಶಾಫ್ಟ್ ಬಂದು ಸೇರುವ ಕಡೆ, ಒಂದು ರಬ್ಬರ್ ಮುಚ್ಚಳವಿದೆ. ತೆಗೆದು ಟಾರ್ಚ್ ಬಿಟ್ಟರೆ ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಒಳಗಿನ ಕಪ್ಲಿಂಗ್ ಕಾಣುತ್ತದೆ. ನಾನು ಮಲಗಿ ನೋಡುತ್ತಿದ್ದೆ, ಅವಳು ಚಕ್ರ ತಿರುಗಿಸಿದಳು. ಚಕ್ರದ ಜೊತೆಜೊತೆಗೇ ಕಪ್ಲಿಂಗಿನ ಬೋಲ್ಟ್ ತಲೆ ಕಿಂಡಿಯ ಈ ಅಂಚಿನಿಂದ ಹೊರಟು ಆ ಅಂಚಿನಲ್ಲಿ ಮರೆಯಾಯಿತು, ವಾಪಸ್ ಬಂತು. ಮುಂದೆ ಎಂಜಿನ್ನಿನ ಪುಲ್ಲಿ ಅಲುಗಲೇ ಇಲ್ಲ. ಹಿಂದಿನದೆಲ್ಲ ಒಟ್ಟಾಗಿ ತಿರುಗುತ್ತಿದೆ, ಎಂಜಿನ್ ನಿಂತಲ್ಲೇ ಇದೆ. ಇವೆರಡರ ನಡುವೆ ಅಷ್ಟು ಸುತ್ತು ನುಂಗಬಲ್ಲದ್ದು ಆ ಕ್ಲಚ್ ಪ್ಲೇಟ್ ಒಂದೇ.

ಯಜಮಾನರ ಮಾತಿಗೆ ಮತ್ತೆ ಬರುತ್ತೇನೆ. ಅವರ ಕಿವಿ ಸುಳ್ಳು ಹೇಳಿರಲಿಲ್ಲ. ಸದ್ದು ಹಿಂದಿನಿಂದಲೇ ಬರುತ್ತಿತ್ತು. ಗೇರ್‌ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡಿರುವ ಗಾಡಿಗಳನ್ನೇ ಜೀವನವಿಡೀ ನೋಡಿದವರಿಗೆ, ಹಿಂದೆ ಬಡಿದರೆ ಡಿಫರೆನ್ಷಿಯಲ್ ಎನ್ನುವುದು ಎಷ್ಟೋ ಸಲ ನಿಜವಾಗಿರುತ್ತದೆ. ಅಷ್ಟು ಸಲ ನಿಜವಾದದ್ದನ್ನು ಮತ್ತೊಮ್ಮೆ ಮುಟ್ಟಿ ನೋಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನನ್ನ ಬೇಸರ ಇರುವುದು ಅಲ್ಲಿ. ಸೊಂಟದ ಕೀಲು ಕೆಟ್ಟ ಮಗು ಮಂಡಿ ಹಿಡಿದುಕೊಂಡು ಅಳುವುದುಂಟು. ಮಂಡಿಯನ್ನಷ್ಟೇ ನೋಡಿ ಕಳಿಸಿದರೆ ತಪ್ಪು ಮಗುವಿನದಲ್ಲ. ನೋವು ತೋರಿಸಿದ ಜಾಗಕ್ಕೇ ಚಿಕಿತ್ಸೆ ಎನ್ನುವ ಅವಸರವನ್ನು ನಾನು ಕಚೇರಿಗಳಲ್ಲಿ ನೋಡಿದ್ದೇನೆ, ಮನೆಗಳಲ್ಲೂ ನೋಡಿದ್ದೇನೆ. ಕೂಗಿಕೊಂಡವರನ್ನು ರಿಪೇರಿ ಮಾಡಲು ಹೊರಡುತ್ತೇವೆ. ಅವರನ್ನು ಬಡಿಯುತ್ತಿರುವ ಸಡಿಲ ಬೇರೆಲ್ಲೋ ಸದ್ದಿಲ್ಲದೆ ಕೂತಿರುತ್ತದೆ.

ನಾವು ಕರೆದಾಗ ಯಜಮಾನರು ಬಂದರು. ಇದು ನನಗೆ ಅವರ ಮೇಲಿದ್ದ ಗೌರವವನ್ನು ಹೆಚ್ಚಿಸಿತು. ಮಾತಾಡದೆ ಕೂತು ಐದನೇ ಗೇರ್‌ನಲ್ಲಿ ಚಕ್ರ ತಿರುಗಿಸಿದರು, ಮೊದಲನೆಯದರಲ್ಲಿ ತಿರುಗಿಸಿದರು, ಟಾರ್ಚ್ ಕೇಳಿ ಪಡೆದು ಕಿಂಡಿಯೊಳಗೆ ನೋಡಿದರು. "ಮುಂದಿದೆ ಮೇಡಂ" ಎಂದರು.

ಕೆಲಸ ಅವರೇ ಮಾಡುತ್ತಿದ್ದಾರೆ. ಸಣ್ಣದಲ್ಲ. ಸೈಲೆನ್ಸರ್ ಪೈಪ್ ಇಳಿಸಿ, ಗೇರ್‌ಬಾಕ್ಸ್ ಕೆಳಗಿಳಿಸಿ, ಕೊಳವೆಯನ್ನು ಹಿಂದಕ್ಕೆ ಜರುಗಿಸಿದ ಮೇಲೆ ಕ್ಲಚ್ ಸಿಗುತ್ತದೆ. ಅಷ್ಟು ಬಿಚ್ಚಿದಾಗ ಕೊಳವೆಯೊಳಗಿನ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎರಡನ್ನೂ ನೋಡಿಬಿಡಿ ಎಂದು ಗೆಳತಿ ಹೇಳಿದ್ದಾಳೆ. ರಬ್ಬರಿನ ಬದಲು ಸ್ಪ್ರಿಂಗ್ ಇರುವ ಪ್ಲೇಟ್ ಹಾಕುವವರೂ ಇದ್ದಾರೆ. ಅದು ಹರಿಯುವುದಿಲ್ಲ, ಆದರೆ ನಿಧಾನದ ಓಟದಲ್ಲಿ ಗೇರ್‌ಗಳ ಗಡಗಡ ಹೆಚ್ಚು. ನಾನು ಸ್ಪ್ರಿಂಗ್ ಎಂದೆ. ಅವಳು ರಬ್ಬರಿನದೇ ತರಿಸಿದ್ದಾಳೆ.