ಮಂಡಕ್ಕಿ ಜರಡಿ: ಎಂಟನೇ ಸೆಮ್ ಪ್ರಾಜೆಕ್ಟು ಎಲ್ಲಿಗೆ ಬಂತು

ಈ ವರ್ಷ ಗೈಡ್ ಮಾಡಲು ನನ್ನ ಪಾಲಿಗೆ ಬಂದದ್ದು ನಾಲ್ವರ ಬ್ಯಾಚು, ಮೆಕ್ಯಾನಿಕಲ್. ಫೆಬ್ರವರಿ ಮೊದಲ ವಾರವೇ ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ತ್ರೀಡಿ ಮಾಡೆಲ್ ತೋರಿಸಿದರು: ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಮೋಟಾರಿನ ಜರಡಿ. ಸೆನ್ಸರ್ ಇತ್ತು, ಮೊಬೈಲ್ ಆ್ಯಪ್ ಕೂಡ ಇತ್ತು. "ಭಟ್ಟಿ ಒಳಗೆ ಕಾಲಿಟ್ಟಿದ್ದೀರೇನ್ರಪ್ಪಾ?" ಅಂದೆ. ಒಬ್ಬರೂ ಇಲ್ಲ. ಸಂಜೆ ಮಿರ್ಚಿ ಜೊತೆ ಮಂಡಕ್ಕಿ ತಿನ್ನದ ದಿನವಿಲ್ಲ, ಅದು ಬೇರೆ ಮಾತು.

ಮಾರನೇ ದಿನ ಸ್ಟಾಪ್‌ವಾಚ್, ಬಿಸಿ ಅಳೆಯುವ ಥರ್ಮೋಕಪಲ್ ಕೊಟ್ಟು ಕಳಿಸಿದೆ. ನಾನೂ ಹೋದೆ. ಮಸಿ ಹಿಡಿದ ಗೋಡೆ, ಒಲೆಯ ಮೇಲೆ ಕಾದ ಉಸುಕಿನ ಬಾಣಲಿ. ಭಟ್ಟಿಯ ಚಾಚಾ ಒಂದು ಬೊಗಸೆ ಉಪ್ಪಕ್ಕಿ ಹಾಕಿ ಕಡ್ಡಿಯಲ್ಲಿ ಕೆದಕುತ್ತಾರೆ, ಕೆಲವೇ ಸೆಕೆಂಡಿನಲ್ಲಿ ಅದು ಅರಳಿ ಮೇಲೇಳುತ್ತದೆ, ಉಸುಕು ಸಮೇತ ಬಾಚಿ ಜರಡಿಗೆ ಸುರಿಯುತ್ತಾರೆ. ಉಸುಕು ಸೋರಿ ಮತ್ತೆ ಬಾಣಲಿಗೇ. ಹುಡುಗರ ಮಾಡೆಲ್‌ನಲ್ಲಿ ಜರಡಿ ಒಲೆಯಿಂದ ಮೂರಡಿ ದೂರ, ಉಸುಕು ಬೀಳುವುದು ಬೇರೆ ಟ್ರೇಗೆ. ಚಿತ್ರ ನೋಡಿ ಚಾಚಾ ನಕ್ಕರು. "ಮೇಡಮ್ಮೋರೆ, ಉಸುಕು ಆರಿದ್ರೆ ಮಂಡಕ್ಕಿ ಎಲ್ಲಾಗುತ್ತೆ? ಹುರಿದಕ್ಕಿ ಆಗುತ್ತೆ."

ನಾನು ಬೋರ್ಡಿನ ಮೇಲೆ ಅರ್ಧ ಗಂಟೆ ಹೇಳುತ್ತಿದ್ದ ಪಾಠ ಅಷ್ಟೇ. ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾದರೆ ಅಕ್ಕಿ ಉಬ್ಬುತ್ತದೆ, ನಿಧಾನ ಕಾದರೆ ಆವಿ ಮೆಲ್ಲಗೆ ಜಾರಿಹೋಗುತ್ತದೆ. ಹಾಗಾಗಿ ಈ ಪ್ರಾಜೆಕ್ಟಿನ ನಿಜವಾದ ಲೆಕ್ಕ ಜರಡಿ ಹಿಡಿಯುವುದಲ್ಲ, ಉಸುಕಿನ ಬಿಸಿ ಉಳಿಸುವುದು. ಆ್ಯಪ್ ಅವತ್ತೇ ಹೋಯಿತು, ಯಾರೂ ಅಳಲಿಲ್ಲ.

ಮಾರ್ಚ್‌ನಲ್ಲಿ ಮೊದಲ ಟ್ರಯಲ್, ನಮ್ಮ ವರ್ಕ್‌ಶಾಪಿನಲ್ಲಿ, ತಣ್ಣನೆ ಉಸುಕಿನಲ್ಲಿ. ಅರ್ಧ ಎಚ್‌ಪಿ ಮೋಟಾರು, 1440 ಆರ್‌ಪಿಎಂ. ಎರಡೂವರೆ ಇಂಚಿನ ಪುಲ್ಲಿಯಿಂದ 12 ಇಂಚಿನದಕ್ಕೆ ಬೆಲ್ಟ್ ಹಾಕಿ 300ಕ್ಕೆ ಇಳಿಸಿದ್ದರು. ಸ್ವಿಚ್ ಒತ್ತಿದ್ದೇ ತಡ, ಮಂಡಕ್ಕಿ ಜರಡಿಯಿಂದ ಹಾರಿ ಲೇತ್ ಮಷಿನ್ನಿನವರೆಗೆ! ಗುಡಿಸುವಾಗ ಅಟೆಂಡರ್ ಬೈದದ್ದನ್ನು ಇಲ್ಲಿ ಬರೆಯಲಾರೆ. ಜರಡಿಯನ್ನು ಅಲ್ಲಾಡಿಸುವ ಕ್ರ್ಯಾಂಕಿನ ತ್ರಿಜ್ಯ 20 ಮಿ.ಮೀ. ಇತ್ತು. ಕೂತು ಲೆಕ್ಕ ಹಾಕಿಸಿದೆ: ವೇಗೋತ್ಕರ್ಷ ಗುರುತ್ವದ ಎರಡು ಪಟ್ಟು. ಪುಲ್ಲಿ ಬದಲಿಸಲು ದುಡ್ಡು ಬೇಕು, ತೂತು ಹೊಡೆಯಲು ಬೇಡ. ಕ್ರ್ಯಾಂಕ್ ಚಕ್ರದಲ್ಲಿ ನಡುವಿನಿಂದ 12 ಮಿ.ಮೀ. ದೂರಕ್ಕೆ ಇನ್ನೊಂದು ತೂತು ಹೊಡೆದರು. ಈಗ 1.2 ಪಟ್ಟು. ಮಂಡಕ್ಕಿ ಕುಣಿಯುತ್ತದೆ, ಹಾರುವುದಿಲ್ಲ.

ಭಟ್ಟಿಯಲ್ಲಿ ಬಿಸಿ ಉಸುಕು ಸುರಿದಾಗ ಹೊಸ ತಕರಾರು: ಹತ್ತೇ ನಿಮಿಷಕ್ಕೆ ಜಾಲರಿ ನಡುವೆ ಜೋತುಬಿತ್ತು. ವೆಲ್ಡಿಂಗ್ ಸರಿಯಿಲ್ಲ ಅಂತ ಒಬ್ಬರ ಮೇಲೊಬ್ಬರು ಹಾಕಿಕೊಂಡರು. ತಪ್ಪು ವೆಲ್ಡಿಂಗಿನದಲ್ಲ. ಒಂದು ಮೀಟರ್ ಉಕ್ಕು 200 ಡಿಗ್ರಿ ಹೆಚ್ಚು ಕಾದರೆ ಸುಮಾರು 2.4 ಮಿ.ಮೀ. ಉದ್ದವಾಗುತ್ತದೆ. ತೆಳು ಜಾಲರಿ ತಕ್ಷಣ ಕಾಯುತ್ತದೆ, ದಪ್ಪ ಆ್ಯಂಗ್ಲರ್ (ಎಲ್ ಆಕಾರದ ಪಟ್ಟಿ) ಚೌಕಟ್ಟು ತಡವಾಗಿ. ಎರಡೂ ತುದಿ ಬಿಗಿದು ಬೆಸೆದರೆ ಜಾಲರಿ ಹೋಗುವುದಾದರೂ ಎಲ್ಲಿಗೆ? ಒಂದು ತುದಿಗೆ ಉದ್ದ ತೂತು, ಬೋಲ್ಟು, ಎರಡು ಸ್ಪ್ರಿಂಗು ಹಾಕಿದ ಮೇಲೆ ನಿಂತಿದೆ. ಥರ್ಮಲ್ ಎಕ್ಸ್‌ಪಾನ್ಶನ್ ಪ್ರಶ್ನೆಗೆ ಇದೇ ಹುಡುಗರು ಪೂರ್ತಿ ಮಾರ್ಕ್ಸ್ ತಗೊಂಡವರು, ನಾನೇ ಹಾಕಿದ್ದು.

ಬೇರಿಂಗಿನ ಗ್ರೀಸ್ ಕರಗಿ ಸೋರುತ್ತಿತ್ತು. ರೈಸ್ ಮಿಲ್ಲಿನಂತೆ ಮರದ ಪಟ್ಟಿಗಳ ಮೇಲೆ ಜರಡಿ ನಿಲ್ಲಿಸಿ, ಬೇರಿಂಗನ್ನು ಒಲೆಯಿಂದ ಆಚೆಗೆ ಸರಿಸಿದ್ದೇವೆ.

ಮೊನ್ನೆಯ ಅಳತೆ: ಚಾಚಾ ಕೈಯಲ್ಲಿ ಜರಡಿ ಹಿಡಿದರೆ ಉಸುಕು ಬಾಣಲಿಗೆ ಮರಳುವಷ್ಟರಲ್ಲಿ 15 ಡಿಗ್ರಿ ಇಳಿಯುತ್ತದೆ, ನಮ್ಮ ಯಂತ್ರದಲ್ಲಿ 35. ಉಸುಕು ಬಾಣಲಿಗೆ ಜಾರುವ ಕೆಳಗಿನ ದೋಣಿಯನ್ನು ಗಿಡ್ಡ ಮಾಡಬೇಕು. ರಿವ್ಯೂಗೆ ಈ ಎರಡೂ ಅಂಕಿ ಹಾಗೇ ಇರಲಿ ಅಂದಿದ್ದೇನೆ. ಒಬ್ಬನಿಗೆ 35 ಅನ್ನು ಬಿಟ್ಟುಬಿಡುವ ಆಸೆ.

ಹೊರಡುವಾಗ ಚಾಚಾ ಮೋಟಾರನ್ನೇ ನೋಡುತ್ತಾ ಕೇಳಿದರು, "ಕರೆಂಟ್ ಹೋದ್ರೆ?" ನಾಲ್ವರೂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸೋಮವಾರ ಕೈಹಿಡಿಕೆಯ ಡ್ರಾಯಿಂಗ್ ತರುತ್ತಾರಂತೆ.